ಒಂದು ಗೋಡೆ, ಒಂದು ಮಳೆಗಾಲ

ನಮ್ಮೂರ ಈಶ್ವರ ದೇವಸ್ಥಾನದ ಗೋಡೆಗೆ ನಾಣ್ಯದಿಂದ ಕುಟ್ಟಿದರೆ ಡೊಳ್ಳು ಬಡಿದ ಹಾಗೆ ಸದ್ದು ಬರುತ್ತದೆ. ಮೊಣಕಾಲೆತ್ತರದವರೆಗೆ ಪ್ಲಾಸ್ಟರ್ ಉಬ್ಬಿದೆ. ಚಕ್ಕೆ ಎದ್ದ ಕಡೆ ಬೆರಳು ಹಾಕಿದರೆ ಒಳಗಿನ ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು, ಪುಡಿ ಪುಡಿಯಾಗಿ ಉದುರುತ್ತದೆ. ಜೊತೆಗೆ ಹಿಟ್ಟಿನಂಥ ಬಿಳಿ ಪುಡಿ ಬೇರೆ. ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪು. ಈ ಗೋಡೆಗೆ ಸಿಮೆಂಟ್ ಬಳಿಸಿದ ಕೆಲಸಕ್ಕೆ ದುಡ್ಡು ಎಣಿಸಿ ಕೊಟ್ಟ ಖಜಾಂಚಿ ನಾನೇ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡುತ್ತೇನೆ.

ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವಿನ ಊರು ನಮ್ಮದು. ದೇವಸ್ಥಾನ ದೊಡ್ಡದೇನಲ್ಲ. ಗರ್ಭಗುಡಿ ಕಲ್ಲಿನದು, ಸುತ್ತ ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ, ಹಲಸಿನ ಕಂಬ, ಮೇಲೆ ಹೆಂಚು. ಎಂಟು ವರ್ಷದ ಹಿಂದೆ ಒಂದು ಮೂಲೆಯಲ್ಲಿ ಹೆಂಚು ಹೊರುವ ಮರದ ಪಕಾಸಿಗೆ ಗೆದ್ದಲು ಹಿಡಿದು ಮಾಡು ಸೋರಲು ಶುರುವಾಯಿತು. ರಿಪೇರಿ ಆಗಬೇಕಾಗಿದ್ದು ಅಷ್ಟೇ, ಒಂದು ಮೂಲೆ. ಆದರೆ ನಾವು ಜೀರ್ಣೋದ್ಧಾರ ಅಂದೆವು. ಆ ಪದ ಬಾಯಿಗೆ ಬಂದ ಮೇಲೆ ಒಂದು ಮೂಲೆಗೆ ನಿಲ್ಲುವುದುಂಟಾ? ಹಳೇ ಗಾರೆಯನ್ನೆಲ್ಲ ಕೆರೆದು ಸಿಮೆಂಟ್ ಬಳಿಸಿದೆವು. ನೆಲಕ್ಕೆ ಗ್ರಾನೈಟ್ ಹಾಸಿದೆವು. ಕಂಬಗಳಿಗೆ ಆಯಿಲ್ ಪೇಂಟ್. ಅಂಗಳದ ವೀರಗಲ್ಲಿಗೆ ಸಿಲ್ವರ್ ಪೇಂಟ್ ಹೊಡೆಸಿದ್ದು ಯಾರ ಐಡಿಯಾ ಅಂತ ಇವತ್ತಿಗೂ ಯಾರೂ ಒಪ್ಪಿಕೊಳ್ಳುವುದಿಲ್ಲ. "ಇನ್ನು ನೂರು ವರ್ಷ ಈ ಕಡೆ ತಿರುಗಿ ನೋಡೋ ಹಾಗಿಲ್ಲ" ಅಂದಿದ್ದ ಕಂಟ್ರಾಕ್ಟರ್. ಐದನೇ ಮಳೆಗಾಲಕ್ಕೆ ತಿರುಗಿ ನೋಡಿದೆವು.

ಪಕ್ಕದೂರಲ್ಲಿ ಒಬ್ಬ ಹಳೇ ಗಾರೆ ಮೇಸ್ತ್ರಿ ಇದ್ದಾರೆ, ಎಪ್ಪತ್ತು ದಾಟಿದೆ. ಕರೆದುಕೊಂಡು ಬಂದು ತೋರಿಸಿದೆ. ಗೋಡೆ ಸುತ್ತ ಒಂದು ಸುತ್ತು ಹಾಕಿ, ಎಲೆಅಡಿಕೆ ಉಗಿದು ಬಂದು ಹೇಳಿದರು. "ಎಂತ ಮಾಡಿದ್ರಿ ಮಾರಾಯ್ರೇ. ಜಂಬಿಟ್ಟಿಗೆ ಮಳೆಗಾಲದಲ್ಲಿ ನೆಲದ ನೀರು ಕುಡೀತದೆ. ಬಿಸಿಲು ಬಂದ ಮೇಲೆ ಆ ನೀರು ಹೊರಗೆ ಹೋಗ್ಬೇಕಲ್ಲ. ಕಂಬಳಿ ಕೊಪ್ಪೆ ಕಿತ್ತು ಪ್ಲಾಸ್ಟಿಕ್ ಹೊದೆಸಿದೀರಿ."

ಗದ್ದೆಯಲ್ಲಿ ಪ್ಲಾಸ್ಟಿಕ್ ಹೊದ್ದು ನೆಟ್ಟಿ ಮಾಡಿದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ, ಮಳೆಗಿಂತ ಜಾಸ್ತಿ ಬೆವರಿಗೇ ನೆನೆಯುತ್ತೇವೆ. ಸುಣ್ಣದ ಗಾರೆಯಲ್ಲಿ ತೇವ ಆಡುತ್ತದೆ, ಒಣಗುತ್ತದೆ. ಸಿಮೆಂಟ್ ಅದನ್ನು ಹಿಡಿದು ಕೂರಿಸುತ್ತದೆ. ನೀರಿನ ಜೊತೆ ಮೇಲೇರಿದ ಉಪ್ಪು ಪ್ಲಾಸ್ಟರ್ ಹಿಂದೆ ಹರಳುಗಟ್ಟಿ, ಕಲ್ಲನ್ನೇ ಒಳಗಿಂದ ಒಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಗೋಡೆ ಹಾಳಾಗಲು ಬೇಕಾದಷ್ಟಿದೆ.

ಸರಿ, ಇದನ್ನು ಮೊದಲೇ ನೋಡಿ ಬೇಡ ಅನ್ನಬೇಕಾಗಿದ್ದವರು ಯಾರು? ಈ ಪ್ರಶ್ನೆ ಹಿಡಿದು ನಾನು ಒಂದಿಷ್ಟು ಓಡಾಡಿದೆ. ಪಂಚಾಯಿತಿಯಲ್ಲಿ ದೇವಸ್ಥಾನದ ಕೆಲಸ ನಮಗೆ ಬರಲ್ಲ ಅಂದರು. ನಮ್ಮದು ಮುಜರಾಯಿಯ ಸಿ ವರ್ಗದ ದೇವಸ್ಥಾನ. ಅಂದರೆ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ, ನಮ್ಮದಂತೂ ಅದರ ಹತ್ತಿರಕ್ಕೂ ಬರುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೇಳಿದ್ದು ಎಸ್ಟಿಮೇಟ್ ಒಂದೇ. ಎಸ್ಟಿಮೇಟ್ ಮಾಡಿದ ಇಂಜಿನಿಯರ್ ಒಳ್ಳೆಯ ಹುಡುಗ, ಆದರೆ ಅವನ ಪಟ್ಟಿಯಲ್ಲಿ ಸಿಮೆಂಟ್ ಇತ್ತು, ಗಾರೆ ಇರಲಿಲ್ಲ. ಪುರಾತತ್ವದವರನ್ನು ವಿಚಾರಿಸಿದರೆ, ನಿಮ್ಮ ದೇವಸ್ಥಾನ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ ಅಂದರು. ಯಾರದೂ ತಪ್ಪು ಮಾತಲ್ಲ. ಎಲ್ಲರೂ ಸರಿಯಾಗಿಯೇ ಹೇಳಿದರು, ಗೋಡೆ ಮಾತ್ರ ಹಾಳಾಯಿತು.

ಪಟ್ಟಿಯಲ್ಲಿದ್ದರೆ ಕಥೆ ಬೇರೆ. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ಇವೆಲ್ಲ ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿವೆ. ಅಂಥ ಕಡೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಎರಡೂ ಅನ್ವಯ. ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಜಾಗ, ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ಜಾಗ. ನಿಷೇಧಿತ ಜಾಗದಲ್ಲಿ ಹೊಸದು ಕಟ್ಟುವ ಹಾಗಿಲ್ಲ, ಇದ್ದದ್ದನ್ನು ರಿಪೇರಿ ಮಾಡಲೂ ಅನುಮತಿ ಬೇಕು. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ನೆಂಟರೊಬ್ಬರ ಮನೆ ಹೀಗೆ ಒಂದು ಸ್ಮಾರಕದ ಪಕ್ಕ ಇದೆ. ಬಚ್ಚಲುಮನೆ ಮಾಡು ಸರಿಮಾಡಿಸಲು ಅರ್ಜಿ ಕೊಟ್ಟು ಎರಡು ಮಳೆಗಾಲ ಟಾರ್ಪಾಲಿನ ಕೆಳಗೆ ಸ್ನಾನ ಮಾಡಿದರು. ಅಲ್ಲಿ ಬಚ್ಚಲಿಗೂ ಕಾನೂನು, ಇಲ್ಲಿ ನಾವು ಗುಡಿಯನ್ನೇ ಕೆರೆದು ಹಾಕಿದರೂ ಕೇಳುವವರಿಲ್ಲ. ಇವೆರಡರ ನಡುವೆ ಏನೂ ಇಲ್ಲ ಅನ್ನುವುದೇ ನನ್ನ ತಕರಾರು.

ಸಮಿತಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಮೈಸೂರಿನಲ್ಲಿ ಪಾರಂಪರಿಕ ಸಮಿತಿ ಇದೆ, ಕಟ್ಟಡಗಳ ಪಟ್ಟಿ ಇದೆ, ತಜ್ಞರೂ ಇದ್ದಾರೆ. ಆದರೂ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಜಗಳ. ಬಿದ್ದ ಮೇಲೆ ನೋಡಲು ಬರುವವರು ಬೇಕಾದಷ್ಟು ಜನ. ಬೀಳುವ ಮೊದಲು ವರ್ಷಕ್ಕೊಂದು ಸಲ ಮಾಡು ಹತ್ತಿ ಹೆಂಚು ಸರಿಮಾಡುವವನು ಬೇಕಾಗಿದ್ದು.

ಬೇಜಾರಿನ ಇನ್ನೊಂದು ವಿಷಯ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಎರಡು ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚು ಹಾಕಿಸಿದರು. ಕಾಡು, ಹೊಳೆ, ಜ್ವರ ಎಲ್ಲ ದಾಟಿ ಊರೂರು ಸುತ್ತಿ ಬರೆದುಕೊಂಡ ಕೆಲಸ ಅದು. ಇವತ್ತು ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನಿದೆ, ನಮ್ಮ ಪಂಚಾಯಿತಿಯಲ್ಲಿ ಮಾತ್ರ ಹಳೇ ಗುಡಿ, ಹಳೇ ಮನೆ, ಕಲ್ಲುಗಳದ್ದು ಒಂದು ಪುಟದ ಪಟ್ಟಿ ಇಲ್ಲ. ಕೆಲಸಕ್ಕೆ ಮೊದಲು ದೇವಸ್ಥಾನದ ನಾಲ್ಕು ಗೋಡೆಯ ಫೋಟೋ ತೆಗೆದಿಡುವ ಬುದ್ಧಿ ನಮಗೂ ಬರಲಿಲ್ಲ. ಈಗ ಹಳೇ ಗಾರೆ ಹೇಗಿತ್ತು ಅಂತ ನೋಡಬೇಕಾದರೆ ನನ್ನ ಅಕ್ಕನ ಮದುವೆ ಆಲ್ಬಮ್ಮೇ ಗತಿ. ನೆಂಟರ ತಲೆಗಳ ಹಿಂದೆ ಅಷ್ಟಿಷ್ಟು ಗೋಡೆ ಕಾಣುತ್ತದೆ.

ದುಡ್ಡಿನ ಗುಟ್ಟೂ ಹೇಳಿಬಿಡುತ್ತೇನೆ. ಅನುದಾನ ಬಂದರೆ ಮಾರ್ಚ್ 31ರೊಳಗೆ ಬಿಲ್ ಆಗಬೇಕು. ಸಿಮೆಂಟ್ ರಾತ್ರಿ ಕಳೆಯುವುದರೊಳಗೆ ಗಟ್ಟಿ. ಸುಣ್ಣಕ್ಕೆ ಹಾಗಿಲ್ಲ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿ, ಅದು ಕುದ್ದು ಅರಳಿದ ಮೇಲೆ ವಾರಗಟ್ಟಲೆ ಗುಂಡಿಯಲ್ಲಿ ನೆನೆಯಬೇಕು. ಆಮೇಲೆ ಮರಳು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಬಳಿದದ್ದನ್ನು ಹಲಗೆಯಿಂದ ತಟ್ಟಿ ತಟ್ಟಿ ಕೂರಿಸಿ, ಒದ್ದೆ ಗೋಣಿಚೀಲ ಹಾಕಿ ಕಾಯಬೇಕು. ಸುಣ್ಣಕ್ಕೆ ಮಾರ್ಚ್ ಗೊತ್ತಿಲ್ಲ. ನಮ್ಮ ಖಜಾಂಚಿಗೆ, ಅಂದರೆ ನನಗೆ, ಮಾರ್ಚ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಸಿಮೆಂಟ್ ಕಿತ್ತು ಮತ್ತೆ ಗಾರೆ ಮಾಡಿಸಲು ಈ ಸಲ ಅನುದಾನ ಕೇಳಲಿಲ್ಲ, ದುಡ್ಡು ಊರಲ್ಲೇ ಎತ್ತಿದೆವು. ಮೀಟಿಂಗಿನಲ್ಲಿ ನಾನು ಕೇಳಿಕೊಂಡಿದ್ದು ಒಂದೇ. ಪೂರ್ತಿ ಗುಡಿ ಮುಟ್ಟುವುದು ಬೇಡ, ಒಂದು ಗೋಡೆ ಮಾಡೋಣ, ಅದರ ಮೇಲೆ ಒಂದು ಮಳೆಗಾಲ ಹೋಗಲಿ, ಉಳಿದದ್ದು ಆಮೇಲೆ. ಒಂದಿಬ್ಬರು ನಕ್ಕರು. "ಹಂಗಾರೆ ನಾಲ್ಕು ಗೋಡೆಗೆ ನಾಲ್ಕು ವರ್ಷ ಆಯ್ತಲ್ಲೋ" ಅಂದ ನಮ್ಮ ದೊಡ್ಡಪ್ಪ. ಆಗಲಿ ಅಂದೆ. ಲೆಕ್ಕ ನೋಡಲು ಖಜಾಂಚಿ ಇದ್ದ ಹಾಗೆ ಗೋಡೆ ನೋಡಲೂ ಮೂವರನ್ನು ಮಾಡಿದೆವು. ಆ ಗಾರೆ ಮೇಸ್ತ್ರಿ, ಒಬ್ಬ ಬಡಗಿ, ಮತ್ತೆ ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ನನ್ನ ಅಣ್ಣನ ಮಗ. ಈ ಮೂವರು ಹೂಂ ಅನ್ನದೆ ಉಳಿ ಸುತ್ತಿಗೆ ಎತ್ತುವ ಹಾಗಿಲ್ಲ ಅಂತ ಠರಾವು ಬರೆದು ಎಲ್ಲರ ಸಹಿ ಹಾಕಿಸಿದ್ದೇನೆ. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಊರಲ್ಲಿ ಇದೆ.

ಫೆಬ್ರವರಿಯಲ್ಲಿ ಪಶ್ಚಿಮದ ಗೋಡೆಯ ಸಿಮೆಂಟ್ ಬಿಡಿಸಿದೆವು. ಅದರ ಜೊತೆ ಎರಡು ಬೆರಳು ದಪ್ಪ ಕಲ್ಲೂ ಕಿತ್ತು ಬಂತು. ಗಾರೆ ಮುಗಿಯುವಾಗ ಏಪ್ರಿಲ್. ಈಗ ಪುನರ್ವಸು ಮಳೆ ಹಿಡಿದಿದೆ, ಬಿಡುವ ಲಕ್ಷಣ ಇಲ್ಲ. ದಿನಾ ಬೆಳಿಗ್ಗೆ ಹಾಲು ಡೇರಿಗೆ ಕೊಟ್ಟು ಬರುವಾಗ ಕೊಡೆ ಹಿಡಿದುಕೊಂಡೇ ಹೋಗಿ ನಾಣ್ಯದಿಂದ ಕುಟ್ಟಿ ನೋಡುತ್ತೇನೆ. ಕೆಳಗಡೆ ಒಂದು ಅಡಿ ಒದ್ದೆಯಾಗಿ ಬಣ್ಣ ಗಾಢವಾಗಿದೆ. ಭಟ್ಟರು ಗಾಬರಿಯಾಗಿ ಮೇಸ್ತ್ರಿಗೆ ಫೋನ್ ಮಾಡಿದ್ದರು. "ಕುಡೀಲಿ ಬಿಡಿ ಭಟ್ರೇ, ದೀಪಾವಳಿಗೆ ಬಂದು ನೋಡ್ತೇನೆ" ಅಂದರಂತೆ.