ಫೈಲಮ್ ಹೆಸರು ಆಮೇಲೆ, ಅಡ್ಡಸೀಳು ಮೊದಲು

ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಫೈಲಮ್‌ಗಳ (ಪ್ರಾಣಿಗಳ ದೊಡ್ಡ ವಿಭಾಗಗಳ) ಪಟ್ಟಿ ಕೊಟ್ಟು ಲಕ್ಷಣ ಬರೆಸಿದರೆ ಬಾಯಿಪಾಠವಾಗುತ್ತದೆ, ಹೋಲಿಕೆಯಾಗುವುದಿಲ್ಲ. ಹೈಡ್ರಾ (ಸಿಹಿನೀರಿನ ಪುಟ್ಟ ಜೀವಿ), ಲಿವರ್ ಫ್ಲೂಕ್ (ಯಕೃತ್ತಿನ ಚಪ್ಪಟೆಹುಳು), ಆಸ್ಕರಿಸ್ (ಕರುಳಿನ ದುಂಡುಹುಳು), ಎರೆಹುಳು: ಈ ನಾಲ್ಕರ ಅಡ್ಡಸೀಳಿನ ಸ್ಲೈಡ್‌ಗಳನ್ನು ಲೇಬಲ್ ಮುಚ್ಚಿ ಒಟ್ಟಿಗೆ ಇಡಿ. ಕೇಳಬೇಕಾದದ್ದು ಮೂರೇ. ಪದರ ಎಷ್ಟು? ಕರುಳಿಗೂ ಹೊರಗೋಡೆಗೂ ನಡುವೆ ಏನಿದೆ? ಮುಖ್ಯ ನರಹುರಿ ಎಲ್ಲಿದೆ?

ಹೈಡ್ರಾದಲ್ಲಿ ಹೊರಗೊಂದು, ಒಳಗೊಂದು ಕೋಶಪದರ. ನಡುವಿನ ತೆಳು ಮೀಸೋಗ್ಲಿಯಾವನ್ನು ಮೂರನೆಯ ಭ್ರೂಣಪದರವೆಂದು (ಭ್ರೂಣದಲ್ಲಿ ಮೂಡಿ ಅಂಗಗಳಾಗುವ ಕೋಶಪದರ) ಎಣಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅದು ಕೋಶಗಳು ಸ್ರವಿಸಿದ ಲೋಳೆಯಂಥ ವಸ್ತು. ಒಳಗಿನ ಟೊಳ್ಳು ಆಹಾರ ಅರಗುವ ಜಾಗ, ಸೀಲೋಮ್ (ಕರುಳಿಗೂ ಹೊರಗೋಡೆಗೂ ನಡುವೆ, ಎರಡೂ ಕಡೆ ಮೂರನೆಯ ಭ್ರೂಣಪದರವಿರುವ ಕುಹರ) ಅಲ್ಲ.

ಲಿವರ್ ಫ್ಲೂಕ್‌ನಲ್ಲಿ ಮೀಸೋಡರ್ಮ್ (ನಡುವಿನ ಮೂರನೆಯ ಭ್ರೂಣಪದರ) ಇದೆ, ಆದರೆ ಕರುಳಿಗೂ ಹೊರಗೋಡೆಗೂ ನಡುವೆ ಪ್ಯಾರಂಕೈಮಾ ಎಂಬ ಅಂಗಾಂಶ ಸಂದಿಲ್ಲದಂತೆ ತುಂಬಿಕೊಂಡಿದೆ. ಅಲ್ಲಲ್ಲಿ ಕಾಣುವ ತೂತುಗಳು ಕರುಳಿನ ಕವಲುಗಳು ಮತ್ತು ಸಂತಾನೋತ್ಪತ್ತಿ ನಾಳಗಳು. ಅಂಚು ಹರಿದಂತಿರುವ ಖಾಲಿ ಜಾಗವಾದರೆ, ಸ್ಲೈಡ್ ತಯಾರಿಸುವಾಗ ಅಂಗಾಂಶ ಕುಗ್ಗಿ ಬಿರಿದದ್ದು.

ಆಸ್ಕರಿಸ್‌ಗೆ ಹೆಚ್ಚು ಹೊತ್ತು ಕೊಡಬೇಕು. ದಪ್ಪ ಕ್ಯುಟಿಕಲ್‌ನ (ಹೊರಪೊರೆಯ) ಅಡಿಯ ಹೈಪೋಡರ್ಮಿಸ್ ಪದರ ನಾಲ್ಕು ಕಡೆ ಒಳಕ್ಕೆ ಉಬ್ಬಿರುತ್ತದೆ: ಬೆನ್ನಿಗೊಂದು, ಹೊಟ್ಟೆಗೊಂದು, ಪಕ್ಕಗಳಲ್ಲಿ ಎರಡು. ಈ ಉಬ್ಬುಗಳ ನಡುವೆ ಇರುವುದೆಲ್ಲ ಉದ್ದ ಸ್ನಾಯು. ಹೊರಗೋಡೆಯಲ್ಲಿ ಉಂಗುರ ಸ್ನಾಯು ಇಲ್ಲವೇ ಇಲ್ಲ. ಅದಕ್ಕೇ ಈ ಹುಳು ಎರೆಹುಳುವಿನಂತೆ ಹಿಗ್ಗಿ ಕುಗ್ಗಿ ಸಾಗಲಾರದು, ಬಳುಕಿ ಹೊರಳುತ್ತದೆ. ಇನ್ನೊಂದು ಸೊಗಸು: ಇಲ್ಲಿ ನರ ಸ್ನಾಯುವನ್ನು ಹುಡುಕಿಕೊಂಡು ಹೋಗುವುದಿಲ್ಲ, ಸ್ನಾಯುಕೋಶವೇ ತೋಳು ಚಾಚಿ ನರಹುರಿಯನ್ನು ಮುಟ್ಟುತ್ತದೆ. ಕರುಳಿನ ಗೋಡೆ ಒಂದೇ ಸಾಲು ಎತ್ತರದ ಕೋಶ. ಅದರ ಹೊರಮೈಗೆ ಸ್ನಾಯುವೂ ಇಲ್ಲ, ಪೆರಿಟೋನಿಯಮ್ಮೂ (ಮೀಸೋಡರ್ಮ್‌ನಿಂದ ಬಂದ ತೆಳುಪೊರೆ) ಇಲ್ಲ. ಮೀಸೋಡರ್ಮ್ ಹೊರಗೋಡೆಯ ಕಡೆ ಮಾತ್ರ ಇರುವುದರಿಂದಲೇ ಈ ಕುಹರ ಸ್ಯೂಡೋಸೀಲೋಮ್, ಅಂದರೆ ಹುಸಿ ಸೀಲೋಮ್. ಹೆಣ್ಣಿನ ಸ್ಲೈಡ್‌ನಲ್ಲಿ ಮೊದಲು ಕಣ್ಣಿಗೆ ಬೀಳುವ ಎರಡು ದೊಡ್ಡ ವೃತ್ತಗಳು ಮೊಟ್ಟೆ ತುಂಬಿದ ಗರ್ಭಕೋಶಗಳು. ಅವನ್ನೇ ಕರುಳೆಂದು ಬರೆದವರ ಚಿತ್ರದಲ್ಲಿ ಮುಂದೆ ಯಾವುದೂ ಸರಿಹೋಗುವುದಿಲ್ಲ.

ಎರೆಹುಳುವಿನಲ್ಲಿ ಹೊರಗೆ ಉಂಗುರ ಸ್ನಾಯು, ಒಳಗೆ ಉದ್ದ ಸ್ನಾಯು. ಪೆರಿಟೋನಿಯಮ್ ಗೋಡೆಗೂ ಇದೆ, ಕರುಳಿಗೂ ಇದೆ. ಬೆನ್ನು ಯಾವ ಕಡೆಯೆಂದು ತಿಳಿಯಲು ಕರುಳಿನ ಛಾವಣಿಯಿಂದ ಇಳಿಬಿದ್ದ ಟಿಫ್ಲೋಸೋಲ್ ಎಂಬ ಮಡಿಕೆ ನೋಡಿ. ಪ್ರಾಕ್ಟಿಕಲ್‌ನ ಎರೆಹುಳುವಾದ ಫೆರೆಟಿಮಾದಲ್ಲಿ ಅದು 26ನೇ ಖಂಡದ ನಂತರವೇ ಕಾಣುವುದು. ಅದಕ್ಕಿಂತ ತಲೆಯ ಕಡೆಗಿರುವ ಭಾಗದ ಸೀಳು ಕೊಟ್ಟು ಟಿಫ್ಲೋಸೋಲ್ ಗುರುತಿಸಿ ಎಂದರೆ ತಪ್ಪು ವಿದ್ಯಾರ್ಥಿಯದಲ್ಲ.

ಸೀಲೋಮ್ ಇಲ್ಲದ್ದು, ಅರೆಬರೆ ಇದ್ದದ್ದು, ಪೂರ್ತಿ ಇದ್ದದ್ದು ಎಂಬ ಸಾಲನ್ನು ವಿಕಾಸದ ಮೆಟ್ಟಿಲೆಂದು ಮಾತ್ರ ಕಲಿಸಬೇಡಿ. 1997ರಲ್ಲಿ 18ಎಸ್ ಆರ್‌ಎನ್‌ಎ (ರೈಬೋಸೋಮಿನ ಒಂದು ಭಾಗ) ಜೀನ್ ಆಧರಿಸಿದ ಅಧ್ಯಯನವೊಂದು ದುಂಡುಹುಳುಗಳನ್ನು ಸಂಧಿಪದಿಗಳ ಜೊತೆ, ಪೊರೆ ಕಳಚುವ ಗುಂಪಿನಲ್ಲಿ ಇರಿಸಿತು. ಎರೆಹುಳು ಬಿದ್ದದ್ದು ಮೃದ್ವಂಗಿಗಳ ಕಡೆಗೆ.

ನರಹುರಿಯ ಜಾಗ ಕತ್ತರಿ ಎಲ್ಲಿಡಬೇಕೆಂದು ಹೇಳುತ್ತದೆ. ಎರೆಹುಳು, ಜಿರಳೆಗಳಲ್ಲಿ ಅದು ಹೊಟ್ಟೆಯ ಕಡೆ, ಕರುಳಿನ ಕೆಳಗೆ. ಹಾಗಾಗಿ ಬೆನ್ನಿನಿಂದ ತೆರೆಯುತ್ತೇವೆ. ಎರೆಹುಳುವಿನಲ್ಲಿ ನಡುಗೆರೆ ಬಿಟ್ಟು ತುಸು ಪಕ್ಕಕ್ಕೆ ಕತ್ತರಿಸದಿದ್ದರೆ ಬೆನ್ನಿನ ರಕ್ತನಾಳ ಹರಿಯುತ್ತದೆ. ಜಿರಳೆಯ ಬೆನ್ನಿನ ಫಲಕಗಳನ್ನು ಒಂದೇ ಎಳೆತಕ್ಕೆ ಎತ್ತಿದರೆ ಹೃದಯವೂ ಅವುಗಳ ಜೊತೆಗೇ ಬರುತ್ತದೆ. ಒಳಗೆ ಹುಡುಕಿ ಪ್ರಯೋಜನವಿಲ್ಲ. ಕಶೇರುಕಗಳಲ್ಲಿ ಎಲ್ಲ ತಿರುಗುಮುರುಗು: ನರಹುರಿ ಬೆನ್ನಿಗೆ, ಹೃದಯ ಹೊಟ್ಟೆಯ ಕಡೆಗೆ.

ಜಿರಳೆಯೊಳಗಿನ ದೊಡ್ಡ ಕುಹರ ರಕ್ತ ತುಂಬಿದ ಹೀಮೋಸೀಲ್, ನಿಜವಾದ ಸೀಲೋಮ್ ಅಲ್ಲ. ಸೀಲೋಮ್ ಕಾಲಂನಲ್ಲಿ ಬರೀ ‘ಇದೆ’ ಎಂದು ಬರೆದರೆ ಅರ್ಧ ಅಂಕ ಸಾಕು.

ಹೋಲಿಕೆಯ ಪಟ್ಟಿಯಲ್ಲಿ ಸಮಮಿತಿಗೆ (ದೇಹ ಸಮಭಾಗಗಳಾಗುವ ರೀತಿಗೆ) ಎರಡು ಕಾಲಂ ಇಡಿ, ಲಾರ್ವಾಗೊಂದು (ಮರಿಹಂತಕ್ಕೆ), ವಯಸ್ಕಕ್ಕೊಂದು. ಇಲ್ಲದಿದ್ದರೆ ಸುತ್ತಲೂ ಒಂದೇ ಥರ ಕಾಣುವ ವಯಸ್ಕ ನಕ್ಷತ್ರಮೀನು ಹೈಡ್ರಾದ ಪಕ್ಕಕ್ಕೆ ಹೋಗಿ ಕೂರುತ್ತದೆ. ಅದರ ಬೈಪಿನ್ನೇರಿಯಾ ಲಾರ್ವಾದಲ್ಲಿ ಎಡ ಬಲ ಸ್ಪಷ್ಟ. ಐದು ಭಾಗಗಳ ಲೆಕ್ಕ ಬರುವುದು ರೂಪಾಂತರದ ಹೊತ್ತಿಗೆ.