90 ದಾಟಿದವರಿಗೆ ಸ್ಟ್ರೋಕ್ ಆದಾಗ

"ವಯಸ್ಸಾಯ್ತಲ್ಲ ಡಾಕ್ಟ್ರೇ, ಇನ್ನು ಇದೆಲ್ಲ ಬೇಕಾ?"

ಸ್ಟ್ರೋಕ್ ಆದ ಹಿರಿಯರನ್ನು ಕರೆತಂದವರು ಹೀಗೆ ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ನರರೋಗದ ಡಾಕ್ಟರುಗಳಾದ ನಮ್ಮಲ್ಲೂ ಎಷ್ಟೋ ಜನ ಇದನ್ನೇ ಒಳಗೊಳಗೆ ಕೇಳಿಕೊಳ್ಳುತ್ತೇವೆ. ಫೈಲಿನಲ್ಲಿ ವಯಸ್ಸು ಕಂಡ ಕೂಡಲೇ ಕೈ ನಿಧಾನವಾಗುತ್ತದೆ. ಆದರೆ ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ.

ನಾನು ಮೊದಲು ಕೇಳುವುದೇ ಬೇರೆ. ಕೊನೆಯ ಸಲ ಚೆನ್ನಾಗಿದ್ದದ್ದನ್ನು ಎಷ್ಟು ಗಂಟೆಗೆ ನೋಡಿದಿರಿ? ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರಾ? ಹೋದ ವಾರ ಹೇಗಿದ್ದರು?

ಈಚೆಗೆ ಬಂದ 91ರ ಅಜ್ಜಿಯೊಬ್ಬರಿಗೆ ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ನಿಂತಿತ್ತು. ಸುಮ್ನೆ ಯಾಕೆ ತೊಂದರೆ ಕೊಡೋದು ಅಂತ ಮಗ. ಸೊಸೆ ಮಾತ್ರ, "ಬೆಳಿಗ್ಗೆ ಪೇಪರ್ ಓದಿ ನನಗೇ ಸುದ್ದಿ ಹೇಳಿದ್ರು" ಅಂದರು. ನನಗೆ ಬೇಕಿದ್ದದ್ದು ಆ ಮಾತು. ಸಕ್ಕರೆ ನೋಡಿದೆವು (ಸಕ್ಕರೆ ತೀರಾ ಇಳಿದರೂ ಸ್ಟ್ರೋಕ್ ಥರಾನೇ ಕಾಣುತ್ತದೆ). ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಬಿಪಿಯನ್ನು 185/110ಕ್ಕಿಂತ ಕೆಳಗೆ ತಂದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟೆವು. ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾರೆ. ಮಾತು ಇನ್ನೂ ತಡವರಿಸುತ್ತದೆ.

ಈ ಧೈರ್ಯ ಬರಲು ಕಾರಣ ಇದೆ. ಸ್ಟ್ರೋಕ್ ಶುರುವಾದ ಮೇಲೆ ಇಂಜೆಕ್ಷನ್ ಕೊಡಬಹುದಾದ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿದ 2008ರ ಅಧ್ಯಯನ 80 ದಾಟಿದವರನ್ನು ಸೇರಿಸಿಕೊಂಡೇ ಇರಲಿಲ್ಲ. ಪರೀಕ್ಷೆ ಮಾಡದೆ ಇದ್ದದ್ದು ನಿಧಾನಕ್ಕೆ 'ಕೊಡಬಾರದು' ಅಂತಾಗಿಬಿಟ್ಟಿತು. 2012ರಲ್ಲಿ ಬಂದ ಐಎಸ್‌ಟಿ-3 ಅಧ್ಯಯನದ 3035 ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 80 ದಾಟಿದವರು. ಅವರಿಗೂ ಲಾಭ ಆಯಿತು. ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆಯಲ್ಲೂ ಹಾಗೇ: 2015ರ ಸುಮಾರಿನ ಐದು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ 80 ದಾಟಿದವರಿಗೂ ಉಪಯೋಗ ಕಂಡಿತು. ವಯಸ್ಸಾದವರ ರಕ್ತನಾಳ ಸೊಟ್ಟಂಬಟ್ಟ ಇರುತ್ತದೆ, ತಂತಿ ಸಾಗಿಸುವುದು ಕಷ್ಟ, ಅದು ಬೇರೆ ಮಾತು.

ಹಾಗಂತ ಎಲ್ಲರಿಗೂ ಎಲ್ಲವನ್ನೂ ಮಾಡಿ ಎನ್ನುವವನಲ್ಲ ನಾನು. ಮೆದುಳಲ್ಲಿ ರಕ್ತಸ್ರಾವವಾಗುವ ಭಯ ನಿಜ, ಅದನ್ನು ಮನೆಯವರಿಗೆ ಮೊದಲೇ ಹೇಳುತ್ತೇನೆ. ವರ್ಷಗಳಿಂದ ಹಾಸಿಗೆ ಹಿಡಿದು, ಮನೆಯವರ ಗುರುತೂ ಸಿಗದಂತಿದ್ದವರಿಗೆ ಹೆಪ್ಪು ತೆಗೆದರೂ ಅವರು ಮರಳುವುದು ಅದೇ ಸ್ಥಿತಿಗೆ. ಊದಿಕೊಂಡ ಮೆದುಳಿಗೆ ಜಾಗ ಮಾಡಲು ತಲೆಬುರುಡೆಯ ಒಂದು ಭಾಗ ತೆಗೆಯುವ ಆಪರೇಷನ್ನಿಗಂತೂ ಈ ವಯಸ್ಸಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. 60 ದಾಟಿದವರ ಮೇಲೆ ಅದನ್ನು ಮಾಡಿ ನೋಡಿದ 2014ರ ಅಧ್ಯಯನದಲ್ಲಿ ಸಾವು ಕಡಿಮೆಯಾಯಿತು. ಆದರೆ ಬದುಕುಳಿದವರಲ್ಲಿ ಹೆಚ್ಚಿನವರು ಬಹುತೇಕ ಎಲ್ಲದಕ್ಕೂ ಬೇರೆಯವರನ್ನೇ ನೆಚ್ಚಬೇಕಾಯಿತು.

ಇನ್ನು ಇಂಜೆಕ್ಷನ್ ಆದಮೇಲಿನ ದಿನಗಳು. ಹಿರಿಯರು ಸೋಲುವುದು ಹೆಚ್ಚಾಗಿ ಇಲ್ಲೇ. ನುಂಗುವುದು ಸರಿ ಇದೆಯಾ ಅಂತ ಪರೀಕ್ಷೆ ಮಾಡುವ ಮೊದಲು ಒಂದು ಚಮಚ ನೀರೂ ಬೇಡ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ರಾತ್ರಿ ಹೊತ್ತು ದಿಕ್ಕು ತೋಚದೆ ಕೂಗಾಡುತ್ತಾರೆ, ನಳಿಕೆ ಕೀಳುತ್ತಾರೆ. ಆಗ ನಿದ್ದೆ ಇಂಜೆಕ್ಷನ್ ಕೊಡಿ ಅನ್ನುವ ಮೊದಲು ಕನ್ನಡಕ, ಕಿವಿಯ ಮಿಷಿನ್ ತಂದಿದ್ದೀರಾ ನೋಡಿ. ಕಾಣದೆ, ಕೇಳದೆ ಹೊಸ ಜಾಗದಲ್ಲಿ ಮಲಗಿದರೆ ಯಾರಿಗಾದರೂ ಹಾಗೇ ಆಗುತ್ತದೆ ಅಲ್ವಾ?