ಫಾಲ್ಟ್ ಎಷ್ಟು ಸರಿದಿದೆ? ಲೋಕಾಪುರದ ಗಣಿಯಲ್ಲಿ ಕಲಿತದ್ದು

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆ ಸುಣ್ಣದ ಕಲ್ಲಿನ ಗಣಿಯಲ್ಲಿ ಭೂವಿಜ್ಞಾನಿಯಾಗಿ ಕೆಲಸ ಮಾಡುತ್ತೇನೆ. ಇಲ್ಲಿನ ಕಲಾದಗಿ ಪದರಗಳು ಮಡಚಿಕೊಂಡು ಓರೆಯಾಗಿ ನಿಂತಿವೆ. ಅಲ್ಲಲ್ಲಿ ಫಾಲ್ಟ್, ಅಂದರೆ ಎರಡೂ ಬದಿಯ ಕಲ್ಲು ಒಂದಕ್ಕೊಂದು ಜರುಗಿರುವ ಬಿರುಕು, ಅಡ್ಡ ಬಂದು ಒಳ್ಳೆ ಕಲ್ಲು ತಟ್ಟನೆ ನಿಂತುಬಿಡುತ್ತದೆ. ಮುಂದಿನ ಬೋರ್ ಎಲ್ಲಿ ಹೊಡೆಯಬೇಕು ಅನ್ನೋದು ಆಗ ನನ್ನ ತಲೆನೋವು.

ಒಮ್ಮೆ ಬೆಂಚ್ (ಗಣಿಯಲ್ಲಿ ಕಡಿದ ಮೆಟ್ಟಿಲು) ಮೇಲೆ ನಿಂತು, ಹೊಸದಾಗಿ ಸೇರಿದ್ದ ಹುಡುಗ ಟೇಪ್ ಹಿಡಿದು ಹೇಳಿದ, "ಸರ, ಪದರ ಉತ್ತರಕ್ಕ ಎಂಟು ಮೀಟರ್ ಸರದೈತ್ರಿ." ಅಳತೆ ಸರಿಯಾಗಿಯೇ ಇತ್ತು. "ಸರದೈತಿ ಅಂತ ಹೆಂಗ ಗೊತ್ತಾತು ತಮ್ಮಾ?" ಅಂದೆ. ಆ ಪದರ ಉತ್ತರಕ್ಕೆ 45 ಡಿಗ್ರಿ ಇಳಿಜಾರಾಗಿತ್ತು. ಫಾಲ್ಟ್ ಗೋಡೆಯಂತೆ ನೆಟ್ಟಗೆ ನಿಂತು ಉತ್ತರ-ದಕ್ಷಿಣಕ್ಕೆ ಹಾದಿತ್ತು. 45 ಡಿಗ್ರಿ ಇಳಿಜಾರಿನಲ್ಲಿ ಎಷ್ಟು ಮೇಲೆ-ಕೆಳಗೋ ಅಷ್ಟೇ ಪಕ್ಕಕ್ಕೆ. ಪೂರ್ವದ ಭಾಗ ಸೀದಾ ಎಂಟು ಮೀಟರ್ ಮೇಲೆದ್ದು, ಆಮೇಲೆ ನಾವು ಬೆಂಚನ್ನು ಸಮ ಮಾಡಿದರೂ, ಪದರ ಉತ್ತರಕ್ಕೆ ಎಂಟೇ ಮೀಟರ್ ಜರುಗಿದಂತೆ ಕಾಣುತ್ತದೆ! ಪಕ್ಕಕ್ಕೆ ಒಂದಿಂಚೂ ಸರಿದಿರಬೇಕಿಲ್ಲ.

ಫಾಲ್ಟ್ ಗೋಡೆಯ ಮೇಲೆ ಉಜ್ಜಿದ ಗೀರುಗಳಿದ್ದವು, ಮೇಲಿಂದ ಕೆಳಕ್ಕೆ. ಅವು ಹೇಳೋದು ಕೊನೆಯ ಸಲ ಜರುಗಿದ್ದನ್ನು ಮಾತ್ರ, ಪೂರ್ತಿ ಲೆಕ್ಕವನ್ನಲ್ಲ. ಅದಕ್ಕೆ ಎರಡೂ ಕಡೆ ಬೋರ್ ಹೊಡೆಸಿ ಕೋರ್ (ಕಲ್ಲಿನ ಉದ್ದನೆಯ ತುಂಡು) ತೆಗೆಸಿದೆವು. ಇದೇ ಪದರ ಆಳಕ್ಕೆ ಹೋದಂತೆ ಡೊಲೊಮೈಟ್ ಆಗುತ್ತದೆ. ಮೆಗ್ನೀಷಿಯಂ ಜಾಸ್ತಿ ಇರುವ ಆ ಕಲ್ಲು ಸಿಮೆಂಟಿಗೆ ಬೇಡ, ಆದರೆ ನನಗೆ ಅದು ಶುರುವಾಗುವ ಗೆರೆಯೇ ಬೇಕಿತ್ತು. ಪದರ ಅಂದರೆ ಹಾಳೆ. ಹಾಳೆಯೊಳಗಿನ ಗೆರೆ ಫಾಲ್ಟನ್ನು ಒಂದೇ ಬಿಂದುವಿನಲ್ಲಿ ಚುಚ್ಚುತ್ತದೆ. ಈಚೆ ಒಂದು ಬಿಂದು, ಆಚೆ ಅದರ ಜೋಡಿ. ಇವೆರಡರ ನಡುವಿನ ದೂರವೇ ನಿಜವಾದ ಸರಿತ. ಪೂರ್ವದಲ್ಲಿ ಡೊಲೊಮೈಟ್ ಎಂಟು ಮೀಟರ್ ಮೇಲೆಯೇ ಸಿಕ್ಕಿತು, ಉತ್ತರಕ್ಕೂ ಇಲ್ಲ, ದಕ್ಷಿಣಕ್ಕೂ ಇಲ್ಲ. ಹುಡುಗನ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ನಿಜಕ್ಕೂ ಪಕ್ಕಕ್ಕೆ ಸರಿಯುವಂಥದ್ದು. ಅಲ್ಲೂ ಕೆಲಸ ಇದೇ: ಜೋಡಿ ಹುಡುಕೋದು. ಫಾಲ್ಟಿನ ಪಶ್ಚಿಮಕ್ಕೆ ಪಿನಾಕಲ್ಸ್ ಅನ್ನುವ ಜ್ವಾಲಾಮುಖಿ ಕಲ್ಲಿನ ಗುಡ್ಡಗಳಿವೆ. ಪೂರ್ವದ ಬದಿಯಲ್ಲಿ, 300 ಕಿ.ಮೀ.ಗೂ ಜಾಸ್ತಿ ದೂರ ದಕ್ಷಿಣಕ್ಕೆ, ನೀನಾಕ್ ಅನ್ನುವ ಊರಿನ ಹತ್ತಿರ ಅವುಗಳ ಇನ್ನರ್ಧ ಇದೆ. ಭೂವಿಜ್ಞಾನಿ ವಿನ್ಸೆಂಟ್ ಮ್ಯಾಥ್ಯೂಸ್ 1976ರಲ್ಲಿ ಇವೆರಡನ್ನೂ ಜೋಡಿಸಿ ತೋರಿಸಿದರು. ನೋಡೋಕೆ ಒಂದೇ ಥರ ಇವೆ ಅಂತ ಸುಮ್ನೆ ಹೇಳಲಿಲ್ಲ. ಕಲ್ಲಿನ ಬಗೆ, ಪದರಗಳ ಕ್ರಮ, ರಾಸಾಯನಿಕ ಗುಣ, ವಯಸ್ಸು, ಎಲ್ಲ ತಾಳೆ ನೋಡಿದರು. ಈ ಕಲ್ಲುಗಳ ವಯಸ್ಸು ಸುಮಾರು 2.3 ಕೋಟಿ ವರ್ಷ.

ದೂರವನ್ನು ವಯಸ್ಸಿನಿಂದ ಭಾಗಿಸಿದರೆ ವರ್ಷಕ್ಕೆ 13 ಮಿ.ಮೀ. ಚಿಲ್ಲರೆ ಬರುತ್ತದೆ. ಆದರೆ ಅದೇ ಫಾಲ್ಟ್ ಮೇಲಿನ ವಾಲೇಸ್ ಕ್ರೀಕ್ ಹಳ್ಳ ಸುಮಾರು 3,700 ವರ್ಷಗಳಲ್ಲಿ 130 ಮೀಟರ್‌ನಷ್ಟು ಸೊಟ್ಟಗಾಗಿದೆ. ಅಂದರೆ ವರ್ಷಕ್ಕೆ 34 ಮಿ.ಮೀ. ಆಸುಪಾಸು. ಸೀ ಮತ್ತು ಜಾನ್ಸ್ ಎಂಬ ಭೂವಿಜ್ಞಾನಿಗಳು 1984ರಲ್ಲಿ ಕೊಟ್ಟ ಲೆಕ್ಕ ಇದು. ಎರಡೂ ಅಳತೆ ಸರಿಯೇ. ಕಲ್ಲು ಹುಟ್ಟಿದ ದಿನವೇ ಫಾಲ್ಟ್ ಓಡಲು ಶುರು ಮಾಡಬೇಕು ಅಂತೇನಿಲ್ಲ, ಅಲ್ವಾ? ಹಾಗಾಗಿ ಕಲ್ಲಿನ ವಯಸ್ಸಿನಿಂದ ಬರುವ ಸರಾಸರಿ ಕನಿಷ್ಠ ವೇಗವಷ್ಟೇ. ಬರೀ ಸರಾಸರಿ ನೋಡಿ ಭೂಕಂಪದ ಅಪಾಯವನ್ನು ಅಳೆಯಲು ಹೊರಟರೆ ಜನರ ಜೀವಕ್ಕೇ ಕುತ್ತು.

ಈಗ ನಮ್ಮ ಗಣಿಯ ವರದಿಯಲ್ಲಿ ಫಾಲ್ಟಿಗೆ ಎರಡು ಕಾಲಂ ಇಟ್ಟಿದ್ದೇವೆ: ಕಂಡ ಅಂತರ, ನಿಜವಾದ ಸರಿತ. ಮೊದಲನೆಯದನ್ನು ಟೇಪ್ ಹಿಡಿದ ದಿನವೇ ತುಂಬಬಹುದು. ಎರಡನೆಯದು, ಎರಡೂ ಕಡೆಯ ಬಿಂದು ಸಿಗುವ ತನಕ ಖಾಲಿ ಇರಬೇಕು. ಮ್ಯಾನೇಜರ್ ಎಷ್ಟೇ ಅವಸರ ಮಾಡಿದರೂ ಅಂದಾಜಿನ ಮೇಲೆ ತುಂಬಲು ನಾನು ಬಿಡೋದಿಲ್ಲ.